ಅಪ್ಪಣೆ ಪಡೆದು ಹೇಳಿದ ಡೈನೋಸಾರ್ ಕಥೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕರೆಂಟಿನ ತಂತಿಯ ಮೇಲೆ ಗುಲಾಬಿ ಎದೆಯ ಕಾಕಟೂ ಗಿಳಿಗಳು ಸಾಲಾಗಿ ಕೂತು ಆಗಲೇ ಜಗಳ ತೆಗೆದಿವೆ. ವೃದ್ಧಾಶ್ರಮದ ಹಿಂಬದಿಯ ಕೋಣೆಯಲ್ಲಿ ಅಲ್ಬರ್ತೀನ್ ತಾಬಿ ಬಟ್ಟೆ ಒಣಗಿಸುವ ಯಂತ್ರದ ಬಾಗಿಲು ತೆಗೆಯುತ್ತಾರೆ. ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಹಾಸುಬಟ್ಟೆಯ ಎರಡು ತುದಿ ಹಿಡಿದು ಒಮ್ಮೆ ಕೊಡವಿದರೆ ಕೋಣೆಯ ತುಂಬ ದೋಣಿಯ ಹಾಯಿ ಬಿಚ್ಚಿಕೊಂಡಂತೆ. ಮಡಚುವಾಗ ಅವರ ತುಟಿ ಅಲುಗುತ್ತಿರುತ್ತದೆ. ಅಡುಗೆಮನೆಯವರು ಮೊದಮೊದಲು ಜಪ ಅಂದುಕೊಂಡಿದ್ದರಂತೆ. ಹತ್ತಿರ ನಿಂತರೆ ಇಂಗ್ಲಿಷ್ ಪದಗಳು ಕೇಳುತ್ತವೆ: ಬೋನ್, ಹಿಪ್, ಲಿಫ್ಟ್, ಟರ್ನ್, ಸ್ಲೋಲಿ. ಒಂದು ಮಡಿಕೆಗೆ ಒಂದು ಪದ.

ಆ ಪದಗಳೆಲ್ಲ ಬಂದದ್ದು ಒಂದೇ ಸುದ್ದಿಯಿಂದ. ಊರಾಚೆಯ ಕುರಿ ಸಾಕಣೆಯ ಜಮೀನಿನಲ್ಲಿ, ಬಿರುಕು ಬಿಟ್ಟ ಕಪ್ಪು ಮಣ್ಣಿನೊಳಗೆ, ಆಳುದ್ದಕ್ಕಿಂತ ದೊಡ್ಡ ತೊಡೆಮೂಳೆಯೊಂದು ಸಿಕ್ಕಿತು. ಅಜ್ಜಿಯರು ಹೇಳುವ ಕಥೆಯ ರಾಕ್ಷಸ ಕಾಲು ಚಾಚಿ ಮಲಗಿದ ಹಾಗೆ. ಊರಿನ ವಾರಪತ್ರಿಕೆ ಮುಖಪುಟವಿಡೀ ಅದನ್ನೇ ಹಾಕಿತು. ಮಂಗಳವಾರದ ಸಂಜೆ ಲೈಬ್ರರಿಯಲ್ಲಿ ಹೊರನಾಡಿನ ಕೆಲಸಗಾರರಿಗೆ ಬಿಟ್ಟಿ ಇಂಗ್ಲಿಷ್ ಕಲಿಸುವ ಗ್ಲೆನಿಸ್ ಮೇಡಂ ಆ ಪುಟವನ್ನೇ ಪಾಠ ಮಾಡಿಕೊಂಡರು.

ಅಲ್ಬರ್ತೀನ್ ಹುಟ್ಟಿದ್ದು ವನುವಾಟುವಿನ ಪೆಂಟೆಕೋಸ್ಟ್ ದ್ವೀಪದಲ್ಲಿ. ಆರನೇ ತರಗತಿವರೆಗೆ ಓದಿದ್ದು ಫ್ರೆಂಚ್ ಶಾಲೆಯಲ್ಲಿ, ಆಡುವ ಮಾತು ಬಿಸ್ಲಾಮಾ. ಚಂಡಮಾರುತವೊಂದು ಮನೆಯ ಮಾಡು ಹೊತ್ತೊಯ್ದ ವರ್ಷ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಮಡಿಲಿಗೆ ಹಾಕಿ ಕ್ವೀನ್ಸ್‌ಲೆಂಡಿಗೆ ಬಂದರು. ಮೊದಲು ಕರಾವಳಿಯ ಮಾವಿನ ತೋಟ, ಆಮೇಲೆ ಈ ಒಳನಾಡಿನ ಬಟ್ಟೆ ಕೋಣೆ. ನಲವತ್ತು ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಟವೆಲು ದಿನವೂ ಅವರ ಕೈ ದಾಟಿಯೇ ಹೋಗುತ್ತಿದ್ದವು.

ಅವರ ಆಸೆ ಮಾತ್ರ ಕೋಣೆಗಳ ಒಳಗಿತ್ತು, ಮುದುಕರನ್ನು ನೋಡಿಕೊಳ್ಳುವ ಆರೈಕೆಯ ಕೆಲಸದಲ್ಲಿ. "ಬಟ್ಟೆ ಮುಟ್ಟಿದ್ರೆ ಸಾಕು, ರಾತ್ರಿ ಯಾರಿಗೆ ನಿದ್ದೆ ಬಂದಿಲ್ಲ ಅಂತ ಗೊತ್ತಾಗುತ್ತೆ. ಹೋಗಿ ಮಾತಾಡಿಸೋಣ ಅಂದ್ರೆ ನನ್ನ ಕೆಲಸ ಬಾಗಿಲ ತನಕ ಮಾತ್ರ" ಅನ್ನುತ್ತಿದ್ದರು. ಒಳಗೆ ಕಾಲಿಡಲು ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕು. ಒಮ್ಮೆ ಫೇಲಾಗಿತ್ತು. ಕರಾರಿನ ಅವಧಿ ಮುಗಿಯುತ್ತಿತ್ತು. ಈ ಸಲವೂ ಹೋದರೆ ಗಂಟುಮೂಟೆ ಕಟ್ಟಿ ಊರಿಗೆ ಮರಳುವುದೊಂದೇ ದಾರಿ.

ಪರೀಕ್ಷೆಯ ಮುಖ್ಯ ಭಾಗ, ತರಗತಿಯಲ್ಲಿ ಓದಿದ ಪತ್ರಿಕೆಯ ಸುದ್ದಿಯನ್ನು ಸ್ವಂತ ಮಾತಿನಲ್ಲಿ ಹೇಳುವುದು. ಅಲ್ಬರ್ತೀನ್ ಡೈನೋಸಾರ್ ಸುದ್ದಿಯ ಒಂದೊಂದು ಪದವನ್ನೂ ಬಲ್ಲವರು. ಅಗೆದ ಮೂಳೆಗೆ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತುತ್ತಾರೆ ಎಂದಾಗ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದವರು ಅವರೇ. ಕಲ್ಲೊಲೆಗೆ ಇಡುವ ಮುಂಚೆ ಲಾಪ್‌ಲಾಪ್ ಕಡುಬನ್ನು ಎಲೆಯಲ್ಲಿ ಸುತ್ತಿದ ಕೈ ಅದು. ಆದರೆ ಇಡೀ ಸುದ್ದಿ ಹೇಳಿ ಅಂದ ಕೂಡಲೇ ಬಾಯಿ ಬಂದ್. ವಾರಗಟ್ಟಲೆ ಹೀಗೇ ಆಯಿತು. ಗ್ಲೆನಿಸ್ ಕಂಗಾಲಾದರು. ಅಡುಗೆಯ ಡೆಸ್ ದಿನವೂ ಛೇಡಿಸುತ್ತಿದ್ದ: "ಏನಮ್ಮಾ, ನಿನ್ನ ಡೈನೋಸಾರ್ ಇನ್ನೂ ಬಾಯಿ ಬಿಟ್ಟಿಲ್ವಾ? ಕೋಟಿಗಟ್ಲೆ ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತೆ ಬಿಡು."

ಕೊನೆಗೆ ಗ್ಲೆನಿಸ್ ಪಕ್ಕಕ್ಕೆ ಕರೆದು ಕೇಳಿದಾಗ ಕಾರಣ ಹೊರಬಿತ್ತು.

"ಅದು ಬೇರೆಯವರ ಕಥೆ ಮೇಡಂ. ಕೇಳ್ದೆ ಹೇಗೆ ಹೇಳ್ಲಿ? ನಮ್ಮ ಕಡೆ ಹಾಗೆ ಹೇಳಿದ್ರೆ ಹಂದಿ ದಂಡ ಕೊಡ್ಬೇಕಾಗುತ್ತೆ."

ಪೆಂಟೆಕೋಸ್ಟಿನಲ್ಲಿ ಪ್ರತಿ ಕಥೆಗೂ ಒಡೆಯರಿದ್ದಾರೆ. ಹಾಡಿಗೂ, ಮರಳಿನ ಮೇಲೆ ಬರೆಯುವ ಚಿತ್ರಕ್ಕೂ. ಅಪ್ಪಣೆಯಿಲ್ಲದೆ ಹೇಳುವುದು ಇನ್ನೊಬ್ಬರ ತೋಟದ ಗೆಡ್ಡೆ ಕಿತ್ತ ಹಾಗೆ. ಗ್ಲೆನಿಸ್ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, ಹಾಗಾದರೆ ದೂರ ಹೋಗಬೇಕಿಲ್ಲ ಅಂದರು. ಆ ಜಮೀನಿನ ಹಿರಿಯ ಒಡತಿ ನೋರೀನ್ ಪ್ರಿಡೋ ಇರುವುದು ಅಲ್ಬರ್ತೀನ್ ಬಟ್ಟೆ ಒಗೆಯುವ ವೃದ್ಧಾಶ್ರಮದಲ್ಲೇ, ಪಡಸಾಲೆಯ ಕೊನೆಯ ಕೋಣೆಯಲ್ಲಿ.

ಊರಿನಿಂದ ತಂದು ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಕೆಂಪು ಚಾಪೆಯೊಂದಿತ್ತು, ತಾಯಿ ಕೇದಗೆಯ ಎಲೆ ಸೀಳಿ ಹೆಣೆದದ್ದು, ಅವರ ಕಡೆ ಅಪ್ಪಣೆ ಕೇಳುವಾಗ ಕೊಡುವ ಕಾಣಿಕೆ. ಮರುದಿನ ಸಂಜೆ ಕೆಲಸ ಮುಗಿಸಿ ಅಲ್ಬರ್ತೀನ್ ಅದನ್ನು ನೋರೀನ್ ಅವರ ಕಾಲ ಬಳಿ ಹಾಸಿದರು.

"ಏನಿದು ಮಗಳೇ? ನಾನು ಕೇಳಿದ್ದು ಟವೆಲು" ಅಂದರು ಮುದುಕಿ.

ಅಜ್ಜಿಯನ್ನು ತಮ್ಮ ದ್ವೀಪದಲ್ಲಿ ಕರೆಯುವಂತೆ ‘ಬುಬು’ ಎಂದು ಕರೆದು, ಒಡೆದೊಡೆದ ಇಂಗ್ಲಿಷಿನಲ್ಲಿ ಅಲ್ಬರ್ತೀನ್ ಬಂದ ಕಾರಣ ಹೇಳಿದರು. ನೋರೀನ್ ಬಗ್ಗಿ ಚಾಪೆಯ ಅಂಚು ಸವರಿದರು.

"ಪೇಪರಿನೋರು ಬಂದ್ರು, ಮ್ಯೂಸಿಯಮ್ಮಿನೋರು ಬಂದ್ರು, ಟೀವಿಯೋರು ನನ್ನ ಹೂವಿನ ಕುಂಡ ತುಳ್ಕೊಂಡು ಹೋದ್ರು. ಕೇಳಿದೋಳು ನೀನೊಬ್ಳೇ. ಆದ್ರೆ ಪೇಪರಲ್ಲಿ ಬಂದಿರೋದು ತಪ್ಪು ಮಗಳೇ."

ಮೂಳೆಯನ್ನು ಕಳೆದ ವರ್ಷ ನೋರೀನರ ಮಗ ಕಂಡುಹಿಡಿದ ಅಂತ ಪತ್ರಿಕೆ ಬರೆದಿತ್ತು. ಮೊದಲ ತುಂಡು ಕಂಡದ್ದು ನೋರೀನರಿಗೆ, ಮದುವೆಯಾಗಿ ಬಂದ ವರ್ಷ, ಕುದುರೆಯ ಮೇಲೆ ಕುರಿ ಅಟ್ಟುತ್ತಿದ್ದಾಗ. ಇದು ಕಲ್ಲಲ್ಲ, ಏನೋ ಇದೆ ಅಂದರೆ ಗಂಡ ನಕ್ಕರಂತೆ. ಅಂದಿನಿಂದ ಆ ತುಂಡು ಅವರ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿ ನಿಂತಿತ್ತು. ಮಗ ಅದನ್ನು ಮ್ಯೂಸಿಯಮ್ಮಿಗೆ ಒಯ್ದ ಮೇಲೆಯೇ ಅಗೆತ ಶುರುವಾದದ್ದು.

"ಹೇಳು, ಎಲ್ಲಿ ಬೇಕಾದ್ರೂ ಹೇಳು. ಆದ್ರೆ ನನ್ನಿಂದ ಶುರುಮಾಡು" ಅಂದರು ನೋರೀನ್.

ಈಗ ಹೊಸ ಪೇಚು. ಪರೀಕ್ಷಕರ ಕೈಯಲ್ಲಿ ಪತ್ರಿಕೆಯ ಪ್ರತಿ ಇರುತ್ತದೆ. ಬೇರೆ ಹೇಳಿದರೆ ಸುದ್ದಿಯೇ ಅರ್ಥವಾಗಿಲ್ಲ ಅಂತ ಅಂಕ ಕಳೆಯಬಹುದು. ಪರೀಕ್ಷೆಗೆ ಪತ್ರಿಕೆಯಲ್ಲಿದ್ದಂತೆ ಹೇಳಿ, ನಿಜವನ್ನು ಆಮೇಲೆ ಊರಿಗೆಲ್ಲ ಸಾರು ಅಂತ ಗ್ಲೆನಿಸ್ ಗೋಗರೆದರು. ಅಲ್ಬರ್ತೀನ್ ಒಪ್ಪಲಿಲ್ಲ. ಅಪ್ಪಣೆ ಸಿಕ್ಕಿದ್ದು ಒಂದೇ ಕಥೆಗೆ.

ಪರೀಕ್ಷೆಯ ದಿನ ಲೈಬ್ರರಿಯ ಪುಟ್ಟ ಕೋಣೆ. ಕರಾವಳಿಯ ಪಟ್ಟಣದಿಂದ ಬಂದ ಪರೀಕ್ಷಕಿ ಧ್ವನಿಮುದ್ರಣ ಯಂತ್ರದ ಗುಂಡಿ ಒತ್ತಿದರು. ಅಲ್ಬರ್ತೀನ್ ಕುದುರೆಯಿಂದ ಶುರುಮಾಡಿದರು. ಹೊಸ ಮದುಮಗಳು, ಕಪ್ಪು ಮಣ್ಣು, ನಗುವ ಗಂಡ, ಬಾಗಿಲು ಕಾಯುವ ಮೂಳೆ. ಅಷ್ಟು ವಾರ ಒಳಗೇ ಕೂಡಿಟ್ಟಿದ್ದ ಪದಗಳು ಒಂದರ ಕೈ ಒಂದು ಹಿಡಿದು ಹೊರಟವು. ಪರೀಕ್ಷಕಿ ಕೈ ಎತ್ತಿ ತಡೆದರು: ಇದು ಪತ್ರಿಕೆಯಲ್ಲಿ ಇಲ್ಲವಲ್ಲ?

"ಪೇಪರ್ ಹೇಳೋದು ಮಗ ಕಂಡ ಅಂತ. ಕಥೆಯ ಒಡತಿ ಹೇಳೋದು ತಾನು ಕಂಡೆ ಅಂತ. ಎರಡೂ ನಂಗೆ ಗೊತ್ತು. ನಂಗೆ ಅಪ್ಪಣೆ ಇರೋದು ಒಡತಿ ಕಥೆಗೆ" ಅಂದರು ಅಲ್ಬರ್ತೀನ್.

ಪರೀಕ್ಷಕಿ ಪೆನ್ನು ಕೆಳಗಿಟ್ಟು, ಮುಂದುವರಿಸಿ ಅಂದರು. ಕಥೆ ಮುಗಿದ ಮೇಲೆ, ಸೊಂಟ ಮುರಿದ ಮುದುಕರನ್ನು ಹಾಸಿಗೆಯಲ್ಲಿ ಹೇಗೆ ಹೊರಳಿಸುತ್ತೀರಿ ಎಂದು ಕೇಳಿದರು. ಅಗೆಯುವವರು ಮೂಳೆ ಎತ್ತಿದ ಸುದ್ದಿಯ ಪದಗಳೇ ಅಲ್ಲಿಗೂ ಒದಗಿದವು: ಮೊದಲು ಹೇಳಬೇಕು, ಭಾರಕ್ಕೆ ಕೆಳಗಿನಿಂದ ಆಸರೆ ಕೊಡಬೇಕು, ನಿಧಾನ ತಿರುಗಿಸಬೇಕು.

ಪಾಸಾದ ಸುದ್ದಿ ಬಂದ ಮಧ್ಯಾಹ್ನ ಡೆಸ್ ಊಟದ ಗಂಟೆಯನ್ನು ಹೊತ್ತಲ್ಲದ ಹೊತ್ತಲ್ಲಿ ಬಾರಿಸಿದ. ನಲವತ್ತು ಮುದುಕರು ಊಟವೆಂದು ಎದ್ದು ಬಂದರು. ಬಂದ ತಪ್ಪಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಲಿಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ನೋರೀನ್, ತೊಡೆಯ ಮೇಲೆ ಕೆಂಪು ಚಾಪೆ.

ಈಗ ಅಲ್ಬರ್ತೀನ್ ನೀಲಿ ಅಂಗಿ ತೊಟ್ಟು ಕೋಣೆಗಳ ಒಳಗೆ ಹೋಗುತ್ತಾರೆ. ಕ್ರಿಸ್ಮಸ್ಸಿಗೆ ಊರಿಗೆ ಹೊರಡುವ ಯೋಚನೆಯಿದೆ. ಜೀಗುಜ್ಜೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಈ ಕಥೆ ಹೇಳಬೇಕಂತೆ.

"ಅಷ್ಟು ದೊಡ್ಡ ಮೂಳೆ ಅಂದ್ರೆ ಅಮ್ಮ ನಂಬಲ್ಲ. ಯಾರು ಕೊಟ್ರು ಈ ಕಥೆ ಅಂತ ಮೊದ್ಲು ಕೇಳ್ತಾಳೆ. ನೋರೀನ್ ಬುಬು ಕೊಟ್ರು ಅಂತೀನಿ. ಆಮೇಲೆ ನಾನು ಮುಗಿಸೋ ತನಕ ಯಾರೂ ಏಳೋ ಹಾಗಿಲ್ಲ."