ಕರೆಂಟಿಗೆ ಕಂಡೀಷನ್ ಹಾಕಿದ ಕೋನಪ್ಪ

ಕೋನಪ್ಪ ಕಳೆದ ಮಂಗಳವಾರ ಬೆಳಿಗ್ಗೆ ಗೌರಿಬಿದನೂರಿನ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯಾಘಾತ. ಅರವತ್ತೇಳು ವರ್ಷವಾಗಿತ್ತು.

ಸುದ್ದಿ ಬಂದಾಗ ಎರಡು ಬೀದಿ ಆಚೆಯ ಚೆನ್ನರಾಯಪ್ಪ ಬಾಯಲ್ಲಿ ಬ್ರಷ್ಷಿಟ್ಟುಕೊಂಡು ನಿಂತಿದ್ದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ಚೆನ್ನರಾಯಪ್ಪ. ಕೋನಪ್ಪನ ಮೂವತ್ತು ವರ್ಷದ ಗೆಳೆಯ. ಬಾಯಿ ತೊಳೆಯುವುದನ್ನೂ ಮರೆತು ಓಡಿದ. ಅಂಗಳ ದಾಟಿ, ಒಳಗೆ ಮಲಗಿಸಿದ್ದ ಗೆಳೆಯನ ಬಲಗಡೆಗೆ ಹೋಗಿ ಕೂತ. ಅದು ಅಭ್ಯಾಸಬಲ. ಕೋನಪ್ಪನ ಎಡಗಿವಿ ಕೇಳುತ್ತಿರಲಿಲ್ಲ.

ಆ ಕಿವಿಯನ್ನು ಅವನು ಕುಡುಮಲಕುಂಟೆಯ ಒಂದು ಕಾರ್ಖಾನೆಗೆ ಕೊಟ್ಟು ಬಂದಿದ್ದ. ತಗಡು ಅಚ್ಚೊತ್ತುವ ಯಂತ್ರದ ಕಡೆಗೆ ಎಡಗಿವಿ ಮಾಡಿ ಮೂವತ್ತೊಂದು ವರ್ಷ ನಿಂತು ದುಡಿದಿದ್ದ. ಬಲಗಿವಿಯನ್ನು ಮಾತ್ರ ಬಸುರಿಯ ಹಾಗೆ ನೋಡಿಕೊಳ್ಳುತ್ತಿದ್ದ. ಗಾಳಿ ಬೀಸಿದರೆ ಹತ್ತಿ ಇಡುತ್ತಿದ್ದ. ಮದುವೆಮನೆಯಲ್ಲಿ ನಾಗಸ್ವರದವರ ಸುತ್ತ ಒಂದು ಸುತ್ತು ಹಾಕಿ, ಬಲಗಿವಿಗೆ ಸರಿಯಾದ ಜಾಗ ಹುಡುಕಿ, ಅಲ್ಲಿ ಯಾರಾದರೂ ಕೂತಿದ್ದರೆ ಎಬ್ಬಿಸಿಯೇ ಕೂರುತ್ತಿದ್ದ. ಆ ಕಿವಿಯೂ ವರ್ಷವರ್ಷಕ್ಕೆ ಮಂದವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಮನೆಯಲ್ಲಿ ಕೂತು ನಾಗಸ್ವರವನ್ನು ಹೊಟ್ಟೆತುಂಬ ಕೇಳಿಬಿಡಬೇಕು ಎನ್ನುವುದೊಂದೇ ಅವನ ಆಸೆ.

ಹಾಗಾಗಿ ಹಳೆಯದೊಂದು ಆಂಪ್ಲಿಫೈಯರ್ ತಂದ. ಕಬ್ಬಿಣದ ಮೈ, ಒರಳುಕಲ್ಲಿನ ತೂಕ. ಎರಡು ಸ್ಪೀಕರುಗಳು ಹೆಂಡತಿ ಲಕ್ಷ್ಮಿದೇವಮ್ಮನ ಶೋಕೇಸಿನ ಆಚೀಚೆ ದ್ವಾರಪಾಲಕರ ಹಾಗೆ ನಿಂತವು. ಸ್ವಿಚ್ಚು ಹಾಕಿದ ಕೂಡಲೇ ನಾಗಸ್ವರಕ್ಕೆ ಮೊದಲು ‘ಗುಂಯ್’ ಎಂಬ ಸದ್ದು ಬಂತು. ನಾಗಸ್ವರ ಮುಗಿದ ಮೇಲೂ ಅದು ಇತ್ತು.

“ಶ್ರುತಿಪೆಟ್ಟಿಗೆ ಬೇರೆ ತರೋದು ತಪ್ತು ಅಂದ್ಕೊಳ್ಳೋ,” ಎಂದ ಚೆನ್ನರಾಯಪ್ಪ.

“ತಮಾಷೆ ಬೇಡ ಕಣೋ. ಇರೋದೊಂದು ಕಿವಿ. ಅದ್ರಲ್ಲಿ ಅರ್ಧ ಈ ಗುಂಯ್‌ಗೇ ಹೋಗ್ತಿದೆ.”

ಆಂಪ್ಲಿಫೈಯರ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಕೋನಪ್ಪನಿಗೆ ಅದೊಂದು ಹೆಮ್ಮೆ. ಮನೆಗೆ ಬಂದವರಿಗೆಲ್ಲ ಮುಟ್ಟಿಸಿ, “ನೋಡಿ, ಪವರ್ ಹೆಂಗಿದೆ!” ಎನ್ನುತ್ತಿದ್ದ. ಸೀಮಂತಕ್ಕೆ ಕರೆಯಲು ಬಂದ ಇಬ್ಬರು ಮುಟ್ಟಿ, ಕುಂಕುಮ ಕೊಡುವುದನ್ನೂ ಮರೆತು ಹೋದರು.

ಒಂದು ದಿನ ಫೋನಿನಲ್ಲಿ ಯಾರದೋ ವಿಡಿಯೊ ನೋಡಿ ಓಡಿಬಂದ. “ಚೆನ್ನ, ತಪ್ಪು ಆಂಪ್ಲಿಫೈಯರ್‌ದಲ್ಲ ಕಣೋ. ನಮ್ಮೂರ ಕರೆಂಟೇ ಗಲೀಜು. ಅದನ್ನ ಸೋಸಿ ಕೊಡೋಕೆ ಪವರ್ ಕಂಡೀಷನರ್ ಅಂತ ಬರುತ್ತೆ.”

“ಕರೆಂಟು ಗಲೀಜಾದ್ರೆ ನಿಮ್ಮನೆ ಬಲ್ಬೂ ಗಲೀಜಾಗಿ ಉರೀಬೇಕಿತ್ತಲ್ಲೋ?”

“ನಿಂಗೆ ವ್ಯಾಕರಣ ಬಿಟ್ರೆ ಏನ್ ಗೊತ್ತು, ಹೋಗಪ್ಪ.”

ಪೆಟ್ಟಿಗೆ ಬಂತು. ಕರಿಯ ಬಣ್ಣ, ಮುಂದೆ ಎರಡು ನೀಲಿ ದೀಪ. ಲಕ್ಷ್ಮಿದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು: “ಏನ್ರೀ ಇದು?”

“ಕಂಡೀಷನರ್ ಕಣೇ. ಕರೆಂಟ್‌ಗೆ.”

“ಕರೆಂಟ್‌ಗೆ ಕಂಡೀಷನ್ ಹಾಕ್ತೀರಾ? ಲೈನ್‌ಮ್ಯಾನ್ ಮಾತನ್ನೇ ಕೇಳದಿರೋದು ನಿಮ್ಮಾತು ಕೇಳುತ್ತಾ? ಸರಿ, ನಾನೂ ಒಂದು ಕಂಡೀಷನ್ ಹಾಕ್ತೀನಿ. ಗೌರಿಹಬ್ಬದೊಳಗೆ ಈ ಗುಂಯ್ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಈ ಸ್ಪೀಕರು, ಪೆಟ್ಟಿಗೆ ಎಲ್ಲಾನೂ ಮಂಡಿಕಲ್ಲಿನ ಭಜನೆ ಮಂಡಳಿಗೆ ಕೊಡ್ತೀನಿ. ನಮ್ ಮೋಹನ್‌ಬಾಬು ಕೇಳ್ತಾನೇ ಇದಾನೆ.”

ಮಂಡಳಿಯ ಕಾರ್ಯದರ್ಶಿ ಮೋಹನ್‌ಬಾಬು ಅವಳ ತಮ್ಮ. ಅಲ್ಲಿಗೆ ಹೋದ ಮೈಕು, ಜಮಖಾನೆ, ಪಾತ್ರೆ ಯಾವುದೂ ವಾಪಸು ಬಂದ ದಾಖಲೆಯಿಲ್ಲ. ಕೋನಪ್ಪನ ಮುಖ ಬಿಳುಚಿಕೊಂಡಿತು. ಲಕ್ಷ್ಮಿದೇವಮ್ಮ ಆಡಿದ ಮಾತನ್ನು ನಡೆಸುವವಳು ಎಂದು ಚೆನ್ನರಾಯಪ್ಪನಿಗೂ ಗೊತ್ತಿತ್ತು.

ಪೆಟ್ಟಿಗೆ ಸಿಕ್ಕಿಸಿದರೂ ಗುಂಯ್ ಹೋಗಲಿಲ್ಲ. ಕೋನಪ್ಪ ಅದನ್ನು ಮರದ ಹಲಗೆಯ ಮೇಲಿಟ್ಟ. ರಬ್ಬರ್ ಚಪ್ಪಲಿಗಳ ಮೇಲಿಟ್ಟ. ಆ ವಾರವೆಲ್ಲ ಬಚ್ಚಲಿಗೆ ಬರಿಗಾಲಲ್ಲೇ ಹೋದ. ಕೊನೆಗೆ ಶೋಕೇಸಿನ ಹಿಂದೆ ತಳ್ಳಿ, “ಈಗ ಸ್ವಲ್ಪ ಕಮ್ಮಿ ಆಗಿದೆ, ಅಲ್ವಾ?” ಎಂದ.

“ಇಲ್ಲ ಕಣೋ. ನನಗೆ ಎರಡು ಕಿವಿ ಇವೆ, ಎರಡರಲ್ಲೂ ಕೇಳಿಸ್ತಿದೆ.”

“ಅದೇ ನಿನ್ ತೊಂದ್ರೆ. ಹೆಚ್ಚಿಗೆ ಕೇಳಿಸ್ಕೊಂತೀಯ.”

ಹಬ್ಬಕ್ಕೆ ಮೂರು ದಿನ ಮೊದಲು ಮೋಹನ್‌ಬಾಬು ಗೋಣಿಚೀಲ, ಹಗ್ಗ ಹಿಡಿದು ಬಂದೇಬಿಟ್ಟ. ಮುದ್ದೆ ಉಂಡ. ಸ್ಪೀಕರುಗಳನ್ನು ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುವ ಹಾಗೆ ಒತ್ತಿ ನೋಡಿದ. “ಭಾವ, ಬೇಜಾರ್ ಮಾಡ್ಕೋಬೇಡಿ. ದೇವರ ಹೆಸರು ಕೇಳಿಸೋಕೆ ತಾನೆ?”

ಅದೇ ಹೊತ್ತಿಗೆ ಎಲೆಕ್ಟ್ರಿಷಿಯನ್ ಅಂಬರೀಶ್ ಬಂದ. ಅಡಿಗೆಮನೆಯ ಮಿಕ್ಸಿಯೂ ಜುಮ್ ಎನ್ನುತ್ತದೆಂದು ಲಕ್ಷ್ಮಿದೇವಮ್ಮ ಕರೆಸಿದ್ದಳು. ಅವನು ಮಿಕ್ಸಿಗೆ ಟೆಸ್ಟರ್ ಇಟ್ಟ, ದೀಪ ಹತ್ತಿತು. ಹಾಲಿಗೆ ಬಂದು ಆಂಪ್ಲಿಫೈಯರಿಗೆ ಇಟ್ಟ, ಅಲ್ಲೂ ಹತ್ತಿತು.

“ಕೋನಪ್ಪಣ್ಣ, ಅರ್ಥಿಂಗ್ ಗುಂಡಿಗೆ ಕೊನೇಸಲ ನೀರು ಹಾಕಿದ್ದು ಯಾವಾಗ?”

“ಯಾವ ಗುಂಡಿ?”

ಅಂಬರೀಶ್ ಹಣೆ ಚಚ್ಚಿಕೊಂಡ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣು ಕೆದಕಿದಾಗ ಒಂದು ಪೈಪಿನ ತುದಿ ಕಂಡಿತು. ಮನೆ ಕಟ್ಟಿಸಿದಾಗ ಹೂತದ್ದು. ಸುತ್ತಲ ಮಣ್ಣು ಒಣಗಿ ಬೂದಿಯಾಗಿತ್ತು. ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ಕಳಚಿಕೊಂಡಿತ್ತು; ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿಯೇ ಇರಲಿಲ್ಲ. ಅವನು ಹೊಸ ತಂತಿ ಬಿಗಿದು, ಉಪ್ಪು, ಇದ್ದಿಲು ತುಂಬಿಸಿ, ನಾಲ್ಕು ಕೊಡ ನೀರು ಹೊಯ್ಯಿಸಿದ. “ಈಗ ಹಾಕಿ ಸ್ವಿಚ್ಚು.”

ಕೋನಪ್ಪ ಸ್ವಿಚ್ಚು ಹಾಕಿ ಬಲಗಿವಿಯನ್ನು ಸ್ಪೀಕರಿಗೆ ಒತ್ತಿದ. ಎಲ್ಲರೂ ಅವನ ಮುಖ ನೋಡಿದರು. ಅವನು ಎದ್ದು ನೇರ ಹಿತ್ತಲಿಗೆ ಹೋದ. ಆ ಪೈಪಿಗೆ ಎರಡೂ ಕೈ ಮುಗಿದ.

ಮೋಹನ್‌ಬಾಬು ಗೋಣಿಚೀಲದಲ್ಲಿ ಅಕ್ಕ ಕೊಟ್ಟ ತೆಂಗಿನಕಾಯಿ ತುಂಬಿಕೊಂಡು ಮಂಡಿಕಲ್ಲಿಗೆ ಹೋದ.

ಕೋನಪ್ಪ ಕೈ ಮುಗಿದದ್ದನ್ನು ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮಂಗಮ್ಮ ನೋಡಿದ್ದಳು. ಅಗೆದದ್ದು, ಉಪ್ಪು ಹಾಕಿದ್ದು, ನೀರೆರೆದದ್ದು ಎಲ್ಲವನ್ನೂ ನೋಡಿದ್ದಳು. ಮಾರನೆಯ ಬೆಳಿಗ್ಗೆ ಪೈಪಿಗೆ ಅರಿಶಿನ ಕುಂಕುಮ ಬಿದ್ದು, ತುದಿಯಲ್ಲೊಂದು ಕನಕಾಂಬರ ಕೂತಿತ್ತು.

“ಏಮಿ ದೇವುಡು ಕೋನಪ್ಪಾ ಇದಿ?” ಇದು ಯಾವ ದೇವರೆಂದು ಅವಳು ತೆಲುಗಿನಲ್ಲಿ ಭಕ್ತಿಯಿಂದ ಕೇಳಿದಳು. ನಿಜ ಹೇಳಿದರೆ ಮುದುಕಿಗೆ ಅವಮಾನವಾದೀತೆಂದು ಕೋನಪ್ಪನಿಗೆ ಅನ್ನಿಸಿತು. “ಅರ್ಥಿಂಗಮ್ಮ,” ಎಂದ. ಅವಳು ಮೂರು ಪ್ರದಕ್ಷಿಣೆ ಹಾಕಿದಳು. ಮೊಮ್ಮಗಳಿಗೆ ಗಂಡು ಗೊತ್ತಾಗಲಿ ಎಂದು ಹರಕೆಯನ್ನೂ ಹೊತ್ತಳು. ಮುಂದೆ ಗೊತ್ತೂ ಆಯಿತು. ಆಮೇಲೆ ಆ ಪೈಪನ್ನು ಯಾರೂ ಬರೀ ಪೈಪು ಅನ್ನುವ ಹಾಗಿರಲಿಲ್ಲ.

ಗೌರಿಹಬ್ಬದ ದಿನ ಚೆನ್ನರಾಯಪ್ಪ ಊಟಕ್ಕೆ ಹೋದಾಗ ನಾಗಸ್ವರ ನಡೆಯುತ್ತಿತ್ತು. ಕೋನಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

“ಅರ್ಥಿಂಗ್ ಮಾಡಿದ್ದು ಅರ್ಧ ಕೆಲ್ಸ ಕಣೋ. ಇನ್ನರ್ಧ ಕಂಡೀಷನರ್ದು. ಕೇಳು, ಉಸಿರು ಎಳೆಯೋದೂ ಕೇಳಿಸ್ತಿದೆ. ಮೂರು ದಿನದಿಂದ ಧ್ವನಿ ದಿನೇದಿನೇ ತಿಳಿಯಾಗ್ತಾ ಬಂದಿದೆ. ಆ ಪೆಟ್ಟಿಗೆ ಪಳಗ್ತಾ ಇದೆ!”

ಲಕ್ಷ್ಮಿದೇವಮ್ಮ ಎಲೆಯ ತುದಿಗೆ ಚಟ್ನಿ ಬಡಿಸುತ್ತ ಹೇಳಿದಳು: “ಮೂರು ದಿನದಿಂದ ಅದು ಅಡಿಗೆಮನೇಲಿದೆ ಕಣ್ರೀ. ಮಿಕ್ಸಿಗೆ ಹಾಕಿದೀನಿ. ನಿಮ್ಮದು ಗೋಡೇಲಿರೋ ಪ್ಲಗ್ಗಿಗೇ ಇರೋದು.”

ಚೆನ್ನರಾಯಪ್ಪ ತುತ್ತು ಕೆಳಗಿಟ್ಟು ಗೆಳೆಯನ ಮುಖ ನೋಡಿದ. ಕೋನಪ್ಪ ಶೋಕೇಸಿನ ಹಿಂದೆ ಇಣುಕಿದ. ಅಡಿಗೆಮನೆಯ ಕಡೆ ನೋಡಿದ. ಅಲ್ಲಿ ಎರಡು ನೀಲಿ ದೀಪ ಉರಿಯುತ್ತಿದ್ದವು. ಬಂದು ಕೂತ. ಚಟ್ನಿಯನ್ನು ಬೆರಳಲ್ಲಿ ನೆಕ್ಕಿದ.

“ಅದಕ್ಕೇ ಚಟ್ನಿ ಇಷ್ಟು ನುಣ್ಣಗಿದೆ,” ಎಂದ.

ಪೆಟ್ಟಿಗೆ ಅಡಿಗೆಮನೆಯಲ್ಲೇ ಉಳಿಯಿತು. ತೋಟಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾಗಿ ವೋಲ್ಟೇಜು ಕುಸಿಯುತ್ತಿದ್ದುದರಿಂದ ಆಂಪ್ಲಿಫೈಯರಿಗೆ ಅಂಬರೀಶ್ ಒಂದು ಸಾದಾ ಸ್ಟೆಬಿಲೈಸರ್ ಸಿಕ್ಕಿಸಿಕೊಟ್ಟ. ಆಂಪ್ಲಿಫೈಯರಿಗೆ ಕಂಡೀಷನರ್ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ಕೋನಪ್ಪ ಗಂಭೀರವಾಗಿ, “ಮೊದಲು ಗುಂಡಿಗೆ ನೀರು ಹಾಕಿ. ಆಮೇಲೂ ಆಸೆ ಇದ್ರೆ ತಗೊಳ್ಳಿ, ಚಟ್ನಿಗಾಗುತ್ತೆ,” ಎನ್ನುತ್ತಿದ್ದ.

ಅಂದಿನಿಂದ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಅವನು ಪೈಪಿನ ಬುಡಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದ. ಬೇಸಿಗೆ ಬಂದ ಮೇಲೆ ಎರಡು ಚೊಂಬು. ಹೂವು ಮಂಗಮ್ಮನದು.

ಕಳೆದ ಮಂಗಳವಾರದ್ದನ್ನು ಲಕ್ಷ್ಮಿದೇವಮ್ಮ ಚೆನ್ನರಾಯಪ್ಪನಿಗೆ ಎರಡು ಸಲ ಹೇಳಿದಳು. ಎರಡು ಸಲವೂ ಒಂದೇ ಥರ. ಕೋನಪ್ಪ ಎರಡು ಚೊಂಬು ನೀರು ಹಾಕಿ, ಕೈ ಒರೆಸಿಕೊಂಡು ಒಳಗೆ ಬಂದ. ಆಂಪ್ಲಿಫೈಯರ್ ಹಾಕಿದ. ಹಾಡು ಹಾಕಲಿಲ್ಲ. ನೆಲದ ಮೇಲೆ ಕೂತು ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟ. ಅವಳು ಒಳಗೆ ಮಿಕ್ಸಿ ತಿರುಗಿಸುತ್ತಿದ್ದಳು. ಅವನು ಅವಳ ಕಡೆ ಕೈ ಎತ್ತಿದ.

“ಒಂದ್ನಿಮಿಷ ನಿಲ್ಸೇ. ಗುಂಯ್ ಒಂಚೂರೂ ಇಲ್ಲ, ಏನೂ ಕೇಳಿಸ್ತಿಲ್ಲ. ಅದನ್ನೇ ಕೇಳ್ಕೊಂತೀನಿ.”

ಅವಳು ನಿಲ್ಲಿಸಿದಳು. ಅವನು ಕೇಳಿಸಿಕೊಂಡ. ಸ್ಪೀಕರಿಗೆ ಕೊಟ್ಟ ಕಿವಿಯನ್ನು ಮತ್ತೆ ತೆಗೆಯಲಿಲ್ಲ.