ಕಿವಿಗೊಟ್ಟು ಓಡಿಸಿದ ಕಾರು

ಇಪ್ಪತ್ತೆಂಟು ವರ್ಷದ ಹಳೆಯ ಕಾರನ್ನು ಐದು ಲಕ್ಷ ಕಿಲೋಮೀಟರ್ ಮುಟ್ಟಿಸಿಯೇ ತೀರುತ್ತೇನೆಂದು ಹಟ ಹಿಡಿದವರನ್ನು ಬೀದಿಯವರು ಮೀಟರ್ ಮಾವ ಎನ್ನದೆ ಇನ್ನೇನೆಂದಾರು? ಐದು ಸಾವಿರಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ನಾಲ್ಕು ಸಾವಿರದ ಒಂಬೈನೂರು ದಾಟಿತೆಂದರೆ ಮಾವನಿಗೆ ಊಟ ರುಚಿಸುತ್ತಿರಲಿಲ್ಲ. ತಮ್ಮ ಬಿಪಿ ಮಾತ್ರೆ ಮರೆತಾರು, ಟೈರಿನ ಗಾಳಿ ಮರೆತವರಲ್ಲ. ರಸ್ತೆಯುಬ್ಬು ಬಂದರೆ ನಿದ್ದೆಹೋದ ಮಗುವನ್ನು ಎತ್ತಿಕೊಂಡವರಂತೆ ದಾಟುವರು; ಕಾರು ನಿಂತ ಮೇಲೂ ಇಂಜಿನ್ನಿಗೆ ಒಂದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟೇ ಆರಿಸುವರು. "ಕಾಯಿಲೆ ಏನೂಂತ ನೀವೇ ಹೇಳ್ಬಿಟ್ರೆ ನನಗೇನ್ ಸಾರ್ ಕೆಲಸ?" ಎಂದು ಮೆಕ್ಯಾನಿಕ್ ನಗುತ್ತಿದ್ದ. ಅಷ್ಟು ಚುರುಕು ಅವರ ಕಿವಿ. ಆ ಕಿವಿಗೆ ಅಡ್ಡಿಯೆಂದರೆ ಪಕ್ಕದ ಸೀಟಿನ ಹೆಂಡತಿಯೊಬ್ಬಳೇ. ಗೇಟು ದಾಟುತ್ತಲೇ ಆಕೆ, "ರೀ, ನಿಮಗೊಂದು ವಿಷಯ ಹೇಳ್ಬೇಕು" ಎಂದು ಶುರುಮಾಡುವಳು. ಇವರು ತೋರುಬೆರಳೆತ್ತಿ, "ಸ್ವಲ್ಪ ಸುಮ್ನಿರೇ, ಎಲ್ಲೋ ಟಕಟಕ ಅಂತಿದೆ" ಎನ್ನುವರು. ಆಕೆ ಮಾತು ನುಂಗಿಕೊಂಡು ಕಿಟಕಿಯಾಚೆ ನೋಡುವಳು. ಮನೆ ಸೇರುವಷ್ಟರಲ್ಲಿ ಸದ್ದಿನ ಮೂಲ ಸಿಕ್ಕಿರುತ್ತಿತ್ತು. ಆಗ ಇವರು, "ಅದೇನೋ ಹೇಳ್ತಿದ್ದೆಯಲ್ಲ?" ಎಂದರೆ, "ಏನಿಲ್ಲ ಬಿಡಿ" ಎಂದು ಆಕೆ ಇಳಿದುಹೋಗುವಳು. ಆಕೆ ತೀರಿಕೊಂಡ ಮರುವರ್ಷ, ಒಂದು ಬೆಳಿಗ್ಗೆ, ಮೀಟರ್ ಐದು ಲಕ್ಷಕ್ಕೆ ಉರುಳಿತು. ಟಕಟಕವಿಲ್ಲ, ಕಿರುಗುಟ್ಟುವಿಕೆಯಿಲ್ಲ, ಹುಡುಕಿದರೂ ಒಂದು ಸದ್ದೂ ಸಿಗದಷ್ಟು ನಯವಾಗಿ ಕಾರು ಓಡುತ್ತಿತ್ತು. ಮಾವ ಅದನ್ನು ರಸ್ತೆಬದಿಗೆ ನಿಲ್ಲಿಸಿದರು. ಎಂದಿನ ಒಂದು ನಿಮಿಷವನ್ನೂ ಕಾಯದೆ ಇಂಜಿನ್ ಆರಿಸಿ, ಪಕ್ಕದ ಸೀಟಿನತ್ತ ತಿರುಗಿ, "ಈಗ ಹೇಳೇ" ಎಂದರು.