ಅಕ್ಕೋರು ಆರಿಸಿದ ರೆಕಾರ್ಡಿಂಗ್ ಸಾಫ್ಟ್‌ವೇರ್

ವಿಮಲಾ ಅಕ್ಕೋರು ಕಂಪ್ಯೂಟರಿನ ಹಿಂದೆ ಕೈ ಹಾಕಿ, ತಡವಿ ತಡವಿ ಮೌಸ್‌ನ ವೈರ್ ಹುಡುಕಿ, ಕಿತ್ತು ನನ್ನ ಕೈಗೆ ಕೊಟ್ಟರು.

"ಈಗ ಒಂದ ನಿಮಿಷ ಏನರ ರೆಕಾರ್ಡ್ ಮಾಡ್ರಿ, ನೋಡೂನು."

ಕೀಬೋರ್ಡ್ ಮುಂದೆ ಕೂತೆ. ಒಂದು ಕೀ ಒತ್ತಿದೆ, ಇನ್ನೊಂದು ಒತ್ತಿದೆ... ಏನೂ ಆಗಲಿಲ್ಲ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಅಷ್ಟೂ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದವನು ನಾನು!

ಇದು ಎರಡು ಸಾವಿರದ ಐದಾರರ ಸುಮಾರಿನ ಮಾತು. ಪುಣೆಯ ಸದಾಶಿವ ಪೇಠದ ತೊಟ್ಟಿಮನೆಯಂಥ ಹಳೆಯ ವಾಡೆಯೊಂದರ ಮಹಡಿಯಲ್ಲಿ, ಎರಡು ಕೋಣೆಗಳಲ್ಲಿ ಅಕ್ಕೋರು ಮತ್ತು ಅವರ ತಂಗಿ ಇದ್ದರು. ನನ್ನ ಮಗಳು ಅಲ್ಲಿಗೇ ಹಾಡು ಕಲಿಯಲು ಹೋಗುತ್ತಿದ್ದಳು. ನಮ್ಮ ಉತ್ತರ ಕರ್ನಾಟಕದ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅಂತಲೇ ಕರೆಯುವುದು.

ನಾಲ್ಕನೇ ವಯಸ್ಸಿಗೇ ವಿಮಲಾ ಅಕ್ಕೋರ ಕಣ್ಣು ಹೋಗಿತ್ತು. ಗದಗಿನಲ್ಲಿ ಸಂಗೀತ ಕಲಿತು ಬಂದು, ಈಗ ಮರಾಠಿ ಮಕ್ಕಳಿಗೆ ಅಪ್ಪಟ ಮರಾಠಿಯಲ್ಲೇ ಬೈಯುವಷ್ಟು ಪುಣೆಯವರಾಗಿದ್ದರು.

ಅವರಿಗೆ ಮನೆಯಲ್ಲೇ ರೆಕಾರ್ಡಿಂಗ್ ಬೇಕಾದದ್ದಕ್ಕೆ ಒಂದು ಕಾರಣವಿತ್ತು.

ಮಕ್ಕಳ ಅಭ್ಯಾಸಕ್ಕೆಂದು ಒಮ್ಮೆ ಒಂದು ಸ್ಟುಡಿಯೋದಲ್ಲಿ ಪಾಠಗಳ ಸಿಡಿ ಮಾಡಿಸಿದ್ದರು. ಅಲ್ಲಿನವರು ಸಾಲು ಸಾಲಿನ ನಡುವೆ ಕೇಳುವ ಉಸಿರನ್ನೆಲ್ಲ ಕತ್ತರಿಸಿ, ನೀಟಾಗಿ ಕ್ಲೀನ್ ಮಾಡಿ ಕೊಟ್ಟರು. ಅದನ್ನು ಕೇಳಿ ಕಲಿತ ಮಕ್ಕಳು ಎಲ್ಲೆಂದರಲ್ಲಿ ಏದುಸಿರು ಬಿಡತೊಡಗಿದರು.

"ನಾ ಎಲ್ಲಿ ಉಸಿರ ತಗೋತೀನಿ ಅನ್ನೂದ ಪಾಠ ರೀ. ಅದನ್ನ ತಗದ ಒಗದಾರ. ಇನ್ನ ಮ್ಯಾಲ ಕತ್ತರಿ ನನ್ನ ಕೈಯಾಗ ಇರಬೇಕು" ಎಂದಿದ್ದರು.

ಕಂಪ್ಯೂಟರ್ ಬಂತು, ಮೈಕ್ ಬಂತು. ಪರದೆಯ ಮೇಲೆ ಬರೆದದ್ದನ್ನು ಓದಿ ಹೇಳುವ ಒಂದು ದನಿ ಅದರಲ್ಲಿತ್ತು. ಅದು ಇಂಗ್ಲಿಷನ್ನು ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಅಕ್ಕೋರಿಗೆ ಅದೂ ನಿಧಾನ!

ರೆಕಾರ್ಡಿಂಗ್ ಸಾಫ್ಟ್‌ವೇರ್ ಆರಿಸುವ ಜವಾಬ್ದಾರಿ ನನ್ನದಾಯಿತು. ಮೂರು ವಾರ ಕೂತು ಮೂರರ ಡೆಮೊ ನೋಡಿದೆ. ಒಂದಂತೂ ಮನಸ್ಸಿಗೇ ಹತ್ತಿತು... ನಿಜವಾದ ಸ್ಟುಡಿಯೋದ ಮಿಕ್ಸರ್ ಹಾಗೆ ತಿರುಗುವ ಗುಂಡಿಗಳು, ಕುಣಿಯುವ ಹಸಿರು ದೀಪಗಳು.

ಭಾನುವಾರ ಬೆಳಿಗ್ಗೆ ಹೆಮ್ಮೆಯಿಂದ ಹಾಕಿ ಕೊಟ್ಟೆ. ಅಕ್ಕೋರು ಕೀ ಒತ್ತಿದರು. ಓದುವ ದನಿ "ಗ್ರಾಫಿಕ್" ಎಂದಿತು. ಮತ್ತೆ ಒತ್ತಿದರು. "ಗ್ರಾಫಿಕ್." ಇನ್ನೊಮ್ಮೆ... "ಗ್ರಾಫಿಕ್." ಗುಂಡಿಗಳೆಲ್ಲ ಬರೀ ಚಿತ್ರ, ಆ ದನಿಗೆ ಓದಲು ಅಕ್ಷರವೇ ಇರಲಿಲ್ಲ.

ಆಗಲೇ ಅವರು ಮೌಸ್ ಕಿತ್ತು ನನ್ನ ಕೈಗೆ ಕೊಟ್ಟದ್ದು.

ಮೂರು ವಾರ ನಾನು ಆರಿಸಿದ್ದು ನನಗೆ ಬೇಕಾದದ್ದನ್ನು. ಅದನ್ನು ಬಳಸುವವರು ಯಾರು ಅನ್ನುವುದೇ ತಲೆಗೆ ಬಂದಿರಲಿಲ್ಲ.

"ತಪ್ಪಾತ್ರಿ ಅಕ್ಕೋರ" ಎಂದೆ.

"ತಪ್ಪೇನ್ರಿ ಅದ್ರಾಗ? ಇನ್ನೂ ಎರಡ ಅದಾವಲ್ಲ, ಹಾಕ್ರಿ."

ಎರಡನೆಯದರಲ್ಲಿ ಮೆನುಗಳೆಲ್ಲ ಕೇಳಿಸಿದವು, ಆದರೆ ರೆಕಾರ್ಡ್ ಬಟನ್ ಮಾತ್ರ ಮೂಕ. ಮೂರನೆಯದನ್ನು ಹಾಕಲು ನನಗೇ ಸಂಕೋಚ. ಬೂದು ಬಣ್ಣದ ಬೋಳು ಕಿಟಕಿ, ಒಂದು ಚಂದದ ಚಿತ್ರವಿಲ್ಲ. ನಾನು ಅದನ್ನು ಹತ್ತೇ ನಿಮಿಷ ನೋಡಿ ಮುಚ್ಚಿಟ್ಟಿದ್ದೆ.

ಅಕ್ಕೋರು ಅದರ ಮೊದಲ ಮೆನುವಿನ ಮೊದಲ ಸಾಲಿನಿಂದ ಕೇಳುತ್ತಾ ಹೋದರು. ಒಂದು ಗಂಟೆ, ಕೊನೆಯ ಸಾಲಿನವರೆಗೆ. ಅಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತ ನಾನು ಯಾವ ಮೆನುವನ್ನೂ ಹಾಗೆ ಪೂರ್ತಿ ಓದಿದವನಲ್ಲ.

ರೆಕಾರ್ಡ್ ಮಾಡಲು ಒಂದು ಕೀ, ನಿಲ್ಲಿಸಲು ಒಂದು ಕೀ, ಕತ್ತರಿಸಲು ಒಂದು ಕೀ. ಹಾಡಿನಲ್ಲಿ ಎಲ್ಲಿದ್ದೇವೆ ಅಂತ ಕೇಳಿದರೆ ನಿಮಿಷ, ಸೆಕೆಂಡು ಹೇಳುತ್ತದೆ.

"ಇದಾ ನೋಡ್ರಿ ನನ್ನದು" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲೇ ಇಲ್ಲ.

ಎರಡು ವಾರದ ನಂತರ ಹೋದಾಗ ಭೂಪ್ ರಾಗದ ಪಾಠವೊಂದು ರೆಕಾರ್ಡ್ ಆಗಿತ್ತು. ಅಕ್ಕೋರು ಅದನ್ನು ತಿದ್ದುತ್ತಾ ಕೂತಿದ್ದರು.

ಪಕ್ಕದಲ್ಲಿ ಕೂತು ಪರದೆಯ ಮೇಲಿನ ದನಿಯ ಅಲೆಗಳನ್ನು ನೋಡುತ್ತಾ, ದೊಡ್ಡ ತಜ್ಞನ ಹಾಗೆ, "ಇಲ್ಲೊಂದು ಸದ್ದು ಅದ ನೋಡ್ರಿ" ಎಂದೆ.

"ಅದು ಹಾರ್ಮೋನಿಯಂ ಉಸಿರ್ರಿ, ಇರಲಿ ಬಿಡ್ರಿ. ಮುಂದ ಓಣ್ಯಾಗ ಒಂದ ಸ್ಕೂಟರ್ ಅದ, ಅದನ್ನ ತಗೀಬೇಕು."

ಎಲ್ಲಿದೆ ಸ್ಕೂಟರ್? ನನಗೆ ಅಲೆಯಲ್ಲೂ ಕಾಣಲಿಲ್ಲ, ಕಿವಿಗೂ ಕೇಳಲಿಲ್ಲ. ಹೆಡ್‌ಫೋನ್ ಕೊಟ್ಟು ಮೂರು ಸಲ ಕೇಳಿಸಿದ ಮೇಲೆ... ಹೌದು, ತಾನದ ಹಿಂದೆ ದೂರದಲ್ಲಿ ಗುರ್ ಎನ್ನುತ್ತಿದೆ!

ಬಾಣದ ಕೀಯನ್ನು ಟಕ್ ಟಕ್ ಎಂದು ಚೂರು ಚೂರೇ ಒತ್ತುತ್ತಾ ಆ ತಾನವನ್ನಷ್ಟೇ ತೆಗೆದು, ಹೊಸದಾಗಿ ಹಾಡಿ, ಅದೇ ಜಾಗದಲ್ಲಿ ಕೂಡಿಸಿದರು. ಬೆಸುಗೆ ಎಲ್ಲಿದೆ ಎಂದು ಇವತ್ತಿಗೂ ನನಗೆ ಹೇಳಲಾಗದು.

ಹೀಗೆ ಅಕ್ಕೋರೇ ಮಾಡಿದ ಹೊಸ ಸಿಡಿ ಕೇಳುತ್ತಾ ನನ್ನ ಮಗಳು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಳ್ಳತೊಡಗಿದಳು. ಯಾರೂ ಹೇಳಿಕೊಡಲಿಲ್ಲ.

ಕೆಲವು ತಿಂಗಳ ನಂತರ ಅಕ್ಕೋರಿಂದ ಫೋನು. ಬಂದು ಹೋಗಿ ಎಂದರು. ಕಂಪ್ಯೂಟರ್ ಕೆಟ್ಟಿತೇನೋ ಅಂದುಕೊಂಡು ಸ್ಕ್ರೂಡ್ರೈವರ್ ಹಿಡಿದು ಓಡಿದೆ.

ಕೆಟ್ಟಿರಲಿಲ್ಲ. ಕಣ್ಣು ಕಾಣದ ಇಬ್ಬರು ಹುಡುಗಿಯರು ಕೀಬೋರ್ಡ್ ಮುಂದೆ ಕೂತಿದ್ದರು. ಅಕ್ಕೋರು ಅವರಿಗೆ ರೆಕಾರ್ಡಿಂಗ್ ಕಲಿಸುತ್ತಿದ್ದರು. ಟೇಬಲ್ ಮೇಲೆ ಮಾನಿಟರ್ ಇರಬೇಕಾದ ಜಾಗದಲ್ಲಿ ಹಾರ್ಮೋನಿಯಂ. ಆ ಡಬ್ಬದಂಥ ದೊಡ್ಡ ಮಾನಿಟರ್ ಬಾಗಿಲ ಬಳಿ, ಹಗ್ಗ ಕಟ್ಟಿ ತಯಾರಾಗಿತ್ತು.

"ಸುಮ್ನ ಜಾಗಾ ತಿಂತದ್ರಿ ಇದು. ನೀವರ ಒಯ್ರಿ, ನಿಮಗ ಬೇಕಾಗ್ತದ" ಎಂದರು.

ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ಬಂದೆ.

ಬೇರೆಯವರಿಗಾಗಿ ಏನಾದರೂ ಆರಿಸುವಾಗ, ನೀವು ಮೊದಲು ಅವರನ್ನೇ ಒಂದು ಮಾತು ಕೇಳುತ್ತೀರಾ?